ಕಲಾವಿದರ ಮನೆಯ ಹೊಸ ವರ್ಷದ ಯೋಜನೆ: ನೀವು ಹೇಗೆ ಮಾಡುತ್ತೀರಿ?

ಪ್ರಶ್ನೆ (ಶಿವಮೊಗ್ಗದಿಂದ): ನಾನು ಮೈಸೂರು ಶೈಲಿಯ ಚಿತ್ರಗಳನ್ನು ಬರೆಯುತ್ತೇನೆ. ನಮ್ಮ ಯಜಮಾನರು ಕಚೇರಿ ಮುಗಿಸಿ ಬಂದು ಕಥೆ ಬರೆಯುತ್ತಾರೆ. ಮಗಳು ಹತ್ತನೆಯ ತರಗತಿ, ಪಿಟೀಲು ಕಲಿಯುತ್ತಿದ್ದಾಳೆ. ಪ್ರತಿ ಜನವರಿ 1ರಂದು ಮೂವರೂ ಕುಳಿತು ಆ ವರ್ಷದ ಆಸೆಗಳನ್ನೆಲ್ಲ ಡೈರಿಯಲ್ಲಿ ಬರೆಯುತ್ತೇವೆ. ಶಿವರಾತ್ರಿಯ ಹೊತ್ತಿಗೆ ಅದರಲ್ಲಿ ಹಾಲಿನ ಲೆಕ್ಕ ಮಾತ್ರ ಮುಂದುವರಿದಿರುತ್ತದೆ. ಇಂತಹ ಮನೆಗಳಲ್ಲಿ ಇರುವವರು ತಮ್ಮ ಅನುಭವ ತಿಳಿಸಬೇಕೆಂದು ಕೋರುತ್ತೇನೆ.

ಉಡುಪಿ ಕಡೆಯಿಂದ: ನಮ್ಮವರು ಯಕ್ಷಗಾನ ಮೇಳದಲ್ಲಿ ಮದ್ದಳೆಗಾರರು, ನಾನು ವೇಷಭೂಷಣದ ಹೊಲಿಗೆ ಮತ್ತು ಮಣಿಕೆಲಸ ಮಾಡುತ್ತೇನೆ. ಜನವರಿಯೆಂದರೆ ನಮಗೆ ತಿರುಗಾಟದ ನಟ್ಟನಡು. ಅವರು ಬೆಳಗಿನ ಜಾವ ಬಂದು ಮಲಗುವವರು, ಮಕ್ಕಳು ಆಗ ತಾನೇ ಏಳುವವರು. ಕುಳಿತು ಮಾತನಾಡಲು ಪುರುಸೊತ್ತೆಲ್ಲಿ? ಬೇಸಾಯದವರಿಗೆ ಹೇಗೋ ಹಾಗೆ ನಮಗೂ ವರ್ಷ ತಿರುಗುವುದು ಮಳೆಯ ಜೊತೆಯಲ್ಲಿ. ಮೇ 24ರ ಆಸುಪಾಸಿನಲ್ಲಿ ಬರುವ ಪತ್ತನಾಜೆಗೆ, ಅಂದರೆ ಮೇಳಗಳ ತಿರುಗಾಟ ಮುಗಿಯುವ ದಿನ, ಗೆಜ್ಜೆ ಬಿಚ್ಚಿದ ಮೇಲೆ ದೀಪಾವಳಿಯ ಹೊತ್ತಿನವರೆಗಿನ ತಿಂಗಳುಗಳನ್ನು ಮೊದಲೇ ಹಂಚಿಕೊಳ್ಳುತ್ತೇವೆ: ಹರಿದ ವೇಷಗಳ ದುರಸ್ತಿ ನನಗೆ, ಶಿಷ್ಯರಿಗೆ ಪಾಠ ಅವರಿಗೆ. ಮಳೆಗಾಲದ ಥಂಡಿಗೆ ಮದ್ದಳೆ ಶ್ರುತಿಗೆ ನಿಲ್ಲಲು ಬಹಳ ಸತಾಯಿಸುತ್ತದೆ ಎಂಬುದು ಬೇರೆ ಮಾತು. ನೀವು ಮೊದಲು ನಿಮ್ಮ ಕಸುಬಿನ ವರ್ಷ ಎಲ್ಲಿಂದ ಆರಂಭವಾಗುತ್ತದೆ ಎಂಬುದನ್ನು ನೋಡಿಕೊಳ್ಳಿ.

ಮೈಸೂರಿನಿಂದ: ನಾನೂ ನಿಮ್ಮದೇ ಕೆಲಸದವಳಾದ್ದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ. ಬೆಂಗಳೂರಿನ ಕುಮಾರಕೃಪಾ ರಸ್ತೆಯಲ್ಲಿ ಕರ್ನಾಟಕ ಚಿತ್ರಕಲಾ ಪರಿಷತ್ತು 2003ರಿಂದ ನಡೆಸುತ್ತ ಬಂದಿರುವ ಚಿತ್ರಸಂತೆ ಸಾಮಾನ್ಯವಾಗಿ ಜನವರಿಯಲ್ಲಿ ಬರುತ್ತದೆ. ಅಲ್ಲಿ ಮಾರಬೇಕಾದ ಚಿತ್ರ ಕಾರ್ತಿಕದೊಳಗೆ ಮುಗಿದಿರಬೇಕು. ಹಾಗಿರುವಾಗ ಜನವರಿ 1ರಂದು ಹಾಕುವ ಯೋಜನೆಯಿಂದ ಆ ಸಂತೆಗೆ ಏನೂ ಪ್ರಯೋಜನವಿಲ್ಲ. ನಾವು ಡಿಸೆಂಬರ್ ಗಲಾಟೆಯಲ್ಲಿ ಏನನ್ನೂ ನಿರ್ಧರಿಸುವುದಿಲ್ಲ. ಸಂಕ್ರಾಂತಿ ಕಳೆದ ಮೇಲೆ, ಯಾವ ಅಳತೆಯ ಚಿತ್ರ ಹೋಯಿತು, ಯಾವುದು ಹಾಗೆಯೇ ಮನೆಗೆ ಮರಳಿತು ಎಂಬ ಲೆಕ್ಕವನ್ನು ಮುಂದಿಟ್ಟುಕೊಂಡು ಕೂರುತ್ತೇವೆ. ಯುಗಾದಿಯ ಬೇವುಬೆಲ್ಲದ ಹೊತ್ತಿಗೆ ತೀರ್ಮಾನ ಮುಗಿದಿರುತ್ತದೆ.

ಇನ್ನೊಂದು ಸಂಗತಿ ಮನೆಯವರೆಲ್ಲರಿಗೂ ಸಂಬಂಧಿಸಿದ್ದು. ಚಿನ್ನದ ಹಾಳೆ ಅಂಟಿಸುವ ದಿನ ಫ್ಯಾನ್ ಹಾಕುವಂತಿಲ್ಲ, ಕಿಟಕಿ ತೆರೆಯುವಂತಿಲ್ಲ, ಪಕ್ಕದಲ್ಲಿ ಯಾರೂ ಜೋರಾಗಿ ಉಸಿರನ್ನೂ ಬಿಡುವಂತಿಲ್ಲ. ಒಮ್ಮೆ ಏಪ್ರಿಲ್ ಸೆಕೆಯಲ್ಲಿ ನಾನು ಸರಸ್ವತಿಯ ಕಿರೀಟಕ್ಕೆ ಹಾಳೆ ಇಡುತ್ತಿದ್ದಾಗ ಮಗ ಬೆವರು ತಾಳಲಾರದೆ ಸ್ವಿಚ್ ಒತ್ತಿದ. ಹಾಳೆಯ ಒಂದು ಚೂರು ಹಾರಿ ಅವನ ಹುಬ್ಬಿಗೆ ಅಂಟಿಕೊಂಡಿತು. ಇಬ್ಬರೂ ನಕ್ಕೆವು, ಆದರೆ ಹಾಳೆಯ ಬೆಲೆ ನೆನೆದಾಗ ನನ್ನ ನಗು ಬೇಗನೆ ನಿಂತಿತು. ಅಂದಿನಿಂದ ಚಿನ್ನದ ಕೆಲಸಕ್ಕೆ ಪುಷ್ಯ-ಮಾಘದ ತಂಪಿನ ಬೆಳಗುಗಳು, ಗೆರೆ ಮತ್ತು ಬಣ್ಣಕ್ಕೆ ಬೇಸಿಗೆ ಎಂದು ಗೊತ್ತುಮಾಡಿದ್ದೇವೆ. ಚಿನ್ನದ ಹಾಳೆಯ ಕೆಳಗೆ ಉಬ್ಬುಕೆಲಸಕ್ಕೆ ಹಚ್ಚುವ ಜೆಸ್ಸೋ ಎಂಬ ಲೇಪ ಮಳೆಗಾಲದಲ್ಲಿ ನಿಧಾನವಾಗಿ ಒಣಗುವುದರಿಂದ, ಆಷಾಢದಲ್ಲಿ ಕೊಡುತ್ತೇನೆಂದು ಯಾರಿಗೂ ಮಾತು ಕೊಡುವುದಿಲ್ಲ. ಚಿನ್ನದ ದರ ಏರುತ್ತಲೇ ಇರುವ ಕಾಲದಲ್ಲಿ ಅರ್ಧ ಹಣ ಮುಂಗಡ ಪಡೆಯದೆ ಕುಂಚ ಹಿಡಿಯುವುದೂ ಇಲ್ಲ. ಇದನ್ನು ಕೇಳಲು ನಾನು ಹಲವು ವರ್ಷ ಸಂಕೋಚಪಟ್ಟೆ. ನಿಮ್ಮ ಮಗಳ ವಿಷಯದಲ್ಲಿ ಒಂದೇ ಮಾತು: ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿಯುವವರೆಗೆ ಪಿಟೀಲಿನ ಹೆಸರಿನಲ್ಲಿ ಹೊಸ ಗುರಿ ಬರೆಯಬೇಡಿ. ಕಲಿತದ್ದನ್ನು ದಿನಕ್ಕೆ ಇಪ್ಪತ್ತು ನಿಮಿಷ ನುಡಿಸಿದರೆ ಸಾಕು.

ಧಾರವಾಡದಿಂದ: ನಮ್ಮ ಮನೆಯವರು ಹಿಂದೂಸ್ತಾನಿ ಹಾಡುತ್ತಾರೆ, ನಾನು ಕಥೆ ಬರೆಯುತ್ತೇನೆ, ಮನೆಯಲ್ಲಿ ಇರುವವು ಎರಡೇ ಕೋಣೆ. ಒಂದೇ ಬೆಳಗಿನಲ್ಲಿ ರಿಯಾಜೂ ಬರವಣಿಗೆಯೂ ನಡೆಯಬೇಕೆಂದು ಹಟ ಹಿಡಿದು ಎರಡು ವರ್ಷ ಜಗಳವಾಡಿದೆವು. ಈಗ ಐದರಿಂದ ಏಳು ಅವರದು, ರಾತ್ರಿ ಒಂಬತ್ತರ ನಂತರ ನನ್ನದು. ಬರೆಯುವವರಿಗೆ ದೀಪಾವಳಿ ವಿಶೇಷಾಂಕಗಳ ಕಥಾಸ್ಪರ್ಧೆಗಳು ಒಳ್ಳೆಯ ಗಡುವು. ನಾನು ಗೆದ್ದವನಲ್ಲ; ಆದರೆ ಆ ಗಡುವಿನಿಂದಾಗಿಯೇ ಮೂರು ಕಥೆಗಳನ್ನು ಮುಗಿಸಿದ್ದೇನೆ.

ಪ್ರಶ್ನೆ ಕೇಳಿದವರು: ಎಲ್ಲರಿಗೂ ಧನ್ಯವಾದಗಳು. ನಿನ್ನೆ ರಾತ್ರಿ ಊಟವಾದ ಮೇಲೆ ಇವನ್ನೆಲ್ಲ ಓದಿ ಹೇಳಿದೆ. ಡೈರಿಯಲ್ಲಿ ಮಗಳ ಪುಟವನ್ನು ಸದ್ಯಕ್ಕೆ ಖಾಲಿ ಬಿಟ್ಟಿದ್ದೇವೆ. ಅವಳಿಗೇ ಎಲ್ಲರಿಗಿಂತ ಹೆಚ್ಚು ಸಮಾಧಾನವಾದಂತಿದೆ. ಯಜಮಾನರು ಒಂದೇ ಕಥೆಯ ಹೆಸರು ಬರೆದಿದ್ದಾರೆ. ನನ್ನ ಪುಟದಲ್ಲಿ ಎರಡು ಚಿತ್ರಗಳಿವೆ, ಒಂದು ಮಾರಾಟಕ್ಕೆ, ಇನ್ನೊಂದು ನಮ್ಮ ಮನೆಯ ಗೋಡೆಗೆ. ಮದುವೆಯಾಗಿ ಹದಿನೇಳು ವರ್ಷವಾದರೂ ಆ ಗೋಡೆಯ ಮೇಲೆ ನಾನು ಬರೆದ ಒಂದು ಚಿತ್ರವೂ ಇಲ್ಲ ಎಂಬುದನ್ನು ನೆನಪಿಸಿದವಳು ಮಗಳೇ. ಮೈಸೂರಿನ ಅಕ್ಕನವರಲ್ಲಿ ಒಂದು ಪ್ರಶ್ನೆ: ಹುಬ್ಬಿಗೆ ಅಂಟಿದ ಆ ಹಾಳೆ ಮರಳಿ ಕೈಗೆ ಬಂತೇ?