ಹೊಸ ಸೈಕಲ್: ಎಡ ಪೆಡಲ್ ಕಟಕಟ, ಮೊಣಕಾಲು ನೋವು

ಪ್ರಶ್ನೆ: ಅಣ್ಣಾರೇ, ನಮಸ್ಕಾರ. ಆಫೀಸಿಗೆ ಹೋಗಿಬರಲು ಇಲ್ಲೇ ಕಲಬುರಗಿಯಲ್ಲಿ 26 ಇಂಚಿನ ದಪ್ಪ ಟೈರಿನ ಸೈಕಲ್ ತಗೊಂಡೆ, ಗೇರಿಲ್ಲ. ಮನೆ ಸೇಡಂ ರಸ್ತೆ ಕಡೆ, ದಿನಾ ಹೋಗಿಬರಲು 8 ಕಿ.ಮೀ. ವಾರಕ್ಕೇ ಮೊಣಕಾಲಿನ ಮುಂಭಾಗ ನೋಯುತ್ತಿದೆ. ಎಡ ಪೆಡಲ್ ಕಟಕಟ ಅನ್ನುತ್ತದೆ. ಅಂಗಡಿಯವರು "ಹೊಸದು ಹಂಗೇ ಇರ್ತದ, ಓಡಸ್ರಿ" ಅಂದರು. ಓಡಿಸಲಾ?

ಉತ್ತರ: ಬೇಡ. ಮೊದಲು ಪೆಡಲ್ ನೋಡಿ. ಎಡಗಡೆಯದರ ಥ್ರೆಡ್ (ಸ್ಕ್ರೂ ಸುತ್ತು) ಉಲ್ಟಾ ಇರುತ್ತದೆ. 15 ಎಂಎಂ ಪಾನಾ ಹಾಕಿ ಮೇಲಿನಿಂದ ಮುಂದಿನ ಚಕ್ರದ ಕಡೆ ಎಳೆದರೆ ಬಿಗಿ, ಹಿಂದಕ್ಕೆ ಎಳೆದರೆ ಸಡಿಲ. ಬಲಗಡೆಯದಕ್ಕೂ ಇದೇ ಲೆಕ್ಕ. ಪೂರ್ತಿ ಬಿಚ್ಚಿ, ಗ್ರೀಸ್ ಸವರಿ, ಬೆರಳಿನಿಂದಲೇ ತಿರುಗಿಸಿ. ಮೂರ್ನಾಲ್ಕು ಸುತ್ತು ಸಲೀಸಾಗಿ ಹೋಗಬೇಕು, ಆಮೇಲೆ ಪಾನಾ. ಸಡಿಲ ಪೆಡಲ್ ತುಳಿಯುತ್ತಾ ಹೋದರೆ ಕ್ರ್ಯಾಂಕಿನ (ಪೆಡಲ್ ಕೂರುವ ತೋಳಿನ) ಥ್ರೆಡ್ಡೇ ತಿಂದುಹೋಗುತ್ತದೆ.

ಮೊಣಕಾಲಿಗೆ ಬಹುಶಃ ಸೀಟೇ ಕಾರಣ. ಎರಡೂ ಕಾಲು ನೆಲಕ್ಕೆ ಮುಟ್ಟಬೇಕು ಅಂತ ಇಳಿಸಿದ್ದೀರಿ, ಅಲ್ವಾ? ಗೋಡೆ ಹಿಡಿದು ಕೂತು, ಪೆಡಲ್ ಪೂರ್ತಿ ಕೆಳಗಿದ್ದಾಗ ಹಿಮ್ಮಡಿ ಇಡಿ. ಕಾಲು ನೆಟ್ಟಗಾಗಬೇಕು. ಓಡಿಸುವಾಗ ಪಾದದ ಮುಂಭಾಗದಿಂದ ತುಳಿದರೆ ಮೊಣಕಾಲು ಸ್ವಲ್ಪ ಮಡಚಿರುತ್ತದೆ, ಅದೇ ಸರಿ. ಸೀಟಿನ ಪೈಪ್ ಮೇಲೆ ಗೆರೆ ಇದೆ, ಅದು ಹೊರಗೆ ಕಾಣುವಷ್ಟು ಎತ್ತಬೇಡಿ. ನಿಲ್ಲಿಸುವಾಗ ಸೀಟು ಬಿಟ್ಟು ಮುಂದಕ್ಕೆ ಇಳಿಯಿರಿ. ನಾಲ್ಕು ದಿನಕ್ಕೆ ರೂಢಿಯಾಗುತ್ತದೆ.

ಬ್ರೇಕ್ ಕೇಬಲ್ ಹೊಸದರಲ್ಲಿ ಸಡಿಲಾಗುತ್ತದೆ, ಬಿಗಿ ಮಾಡಿಸಿ.

ಪ್ರಶ್ನೆ: ಗಾಳಿ ಎಷ್ಟು? ಎರಡು ಸಲ ಪಂಕ್ಚರ್ ಬೇರೆ ಆಯಿತು, ಅದೂ ಟ್ಯೂಬಿನ ಒಂದೇ ಜಾಗದಲ್ಲಿ.

ಉತ್ತರ: ಟೈರಿನ ಪಕ್ಕದಲ್ಲಿ ಬರೆದಿರುತ್ತದೆ, ಅದನ್ನು ದಾಟಬೇಡಿ. ಇಂಥ ಟೈರಿಗೆ ಸಾಮಾನ್ಯವಾಗಿ 40 ಪಿಎಸ್ಐ ಆಸುಪಾಸು ಸಾಕು. ಒಂದೇ ಜಾಗ ಅಂದರೆ ಜಾಲಿ ಮುಳ್ಳಿನ ತುದಿ ಟೈರಲ್ಲೇ ಮುರಿದು ಕೂತಿದೆ. ಹೊರಗಿನಿಂದ ಕಾಣಲ್ಲ. ಒಳಮೈ ಮೇಲೆ ಹತ್ತಿ ಉಂಡೆ ಎಳೆಯಿರಿ. ಹತ್ತಿ ಎಲ್ಲಿ ಸಿಕ್ಕಿಕೊಳ್ಳುತ್ತದೋ ಅಲ್ಲೇ ಮುಳ್ಳು. ಚಿಮಟದಿಂದ ಕೀಳಿ. ಸುಮ್ನೆ ಟ್ಯೂಬಿಗೆ ಪ್ಯಾಚ್ ಹಚ್ಚಿಸುತ್ತಾ ಕೂತರೆ ದುಡ್ಡು ದಂಡ.

ಪ್ರಶ್ನೆ: ಮುಳ್ಳು ಸಿಕ್ಕಿತು ಅಣ್ಣಾ! ಸೀಟೂ ಎತ್ತಿದೆ. ಆದರೆ ಎಡ ಪೆಡಲ್ ಬೆರಳಲ್ಲಿ ಒಂದೂವರೆ ಸುತ್ತಿಗೇ ನಿಂತುಬಿಡುತ್ತದೆ.

ಉತ್ತರ: ಜೋಡಿಸುವಾಗಲೇ ಓರೆ ಹತ್ತಿಸಿದ್ದಾರೆ. ಪಾನಾ ಹಾಕಿ ಒತ್ತಬೇಡಿ. ಬಿಲ್ ತಗೊಂಡು ಅಂಗಡಿಗೆ ಹೋಗಿ ಥ್ರೆಡ್ ತೋರಿಸಿ, ಕೆಟ್ಟಿದ್ದರೆ ಕ್ರ್ಯಾಂಕ್ ಬದಲಿಸಿ ಕೊಡಿ ಅನ್ನಿ. ತಳ್ಳಿಕೊಂಡೇ ಹೋಗಿ, ಓಡಿಸಬೇಡಿ.