ಮೋಡ ಬಂದಾಗ ಗೀಸರ್ ಪದೇ ಪದೇ ಆನ್–ಆಫ್ ಆಗುತ್ತಿದೆ: ಸೋಲಾರ್ ಉಳಿಕೆಯ ನಿಯಮವನ್ನು ಹೇಗೆ ಬರೆಯಬೇಕು?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಮೈಸೂರಿನ ನಮ್ಮ ಮನೆಯ ತಾರಸಿಯಲ್ಲಿ 5 ಕಿಲೋವ್ಯಾಟ್ ಸೋಲಾರ್ ಫಲಕಗಳಿವೆ. ಫಲಕ, ಬ್ಯಾಟರಿ, ಗ್ರಿಡ್ ಮೂರನ್ನೂ ನಿಭಾಯಿಸುವ ಹೈಬ್ರಿಡ್ ಇನ್ವರ್ಟರ್‌ಗೆ 5 ಯೂನಿಟ್ ಹಿಡಿಯುವ ಲಿಥಿಯಂ ಬ್ಯಾಟರಿಯನ್ನು ಜೋಡಿಸಿದ್ದೇವೆ. ನೆಟ್ ಮೀಟರ್ ಕೂಡ ಇದೆ. ಅಮ್ಮ ಸಂಜೆಯ ಪೂಜೆಗೆ ಮೊದಲು ಸ್ನಾನ ಮಾಡುವುದರಿಂದ ನಾಲ್ಕು ಗಂಟೆಯೊಳಗೆ ನೀರು ಕಾದಿರಬೇಕು. ಅದಕ್ಕಾಗಿ ಮನೆಯ ಉಪಕರಣಗಳನ್ನು ತಾನಾಗಿ ನಡೆಸುವ ಹೋಮ್ ಅಸಿಸ್ಟೆಂಟ್ ತಂತ್ರಾಂಶದಲ್ಲಿ ಒಂದು ನಿಯಮ ಬರೆದೆ: ಮನೆಯ ಬಳಕೆ ಕಳೆದು ಉಳಿದು ಗ್ರಿಡ್‌ಗೆ ಹೋಗುವ ವಿದ್ಯುತ್ (ಉಳಿಕೆ) 1500 ವ್ಯಾಟ್ ದಾಟಿದರೆ 25 ಲೀಟರಿನ, 2000 ವ್ಯಾಟ್‌ನ ಗೀಸರ್ ಆನ್ ಆಗಬೇಕು, ಅದಕ್ಕಿಂತ ಇಳಿದರೆ ಆಫ್ ಆಗಬೇಕು.

ಬೇಸಿಗೆಯ ನಡುಮಧ್ಯಾಹ್ನದಲ್ಲಿ ಇದು ಚೆನ್ನಾಗಿಯೇ ನಡೆಯಿತು. ಆಷಾಢದ ಮೋಡ ಶುರುವಾದ ಮೇಲೆ ಗೀಸರನ್ನು ಆನ್–ಆಫ್ ಮಾಡುವ ಸ್ಮಾರ್ಟ್ ಪ್ಲಗ್‌ನೊಳಗಿನ ಸ್ವಿಚ್, ಅಂದರೆ ರಿಲೇ, ಟಕ್ ಟಕ್ ಎಂದು ಬಡಿದುಕೊಳ್ಳುತ್ತಲೇ ಇರುತ್ತದೆ. ನಿನ್ನೆ ಬಚ್ಚಲಮನೆಯ ಬಾಗಿಲಲ್ಲೇ ನಿಂತು ಎಣಿಸಿದೆ; ಹತ್ತು ನಿಮಿಷದಲ್ಲಿ ಹದಿನಾಲ್ಕು ಬಾರಿ ಗೀಸರ್‌ನ ಕೆಂಪು ದೀಪ ಹತ್ತಿ ಆರಿತು. ತಪ್ಪು ನನ್ನ ನಿಯಮದಲ್ಲಿದೆಯೋ, ಅಳತೆಯಲ್ಲಿದೆಯೋ ತಿಳಿಯುತ್ತಿಲ್ಲ.

ಉತ್ತರ 1

ಅಳತೆ ಸರಿಯಾಗಿದೆ, ತಪ್ಪಿರುವುದು ನಿಯಮದಲ್ಲಿ. ಗ್ರಿಡ್‌ಗೆ 1600 ವ್ಯಾಟ್ ಹೋಗುತ್ತಿದೆ ಎಂದುಕೊಳ್ಳಿ. ಗೀಸರ್ ಆನ್ ಆದ ಕೂಡಲೇ ಅದೇ 2000 ವ್ಯಾಟ್ ಎಳೆಯುವುದರಿಂದ, ಹೊರಗೆ ಹೋಗುವುದು ನಿಂತು 400 ವ್ಯಾಟ್ ಒಳಗೆ ಬರಲಾರಂಭಿಸುತ್ತದೆ. ‘1500ಕ್ಕಿಂತ ಇಳಿಯಿತು’ ಎಂದು ನಿಯಮ ಅದನ್ನು ಆಫ್ ಮಾಡುತ್ತದೆ, ಮತ್ತೆ 1600 ಕಾಣಿಸುತ್ತದೆ, ಮತ್ತೆ ಆನ್. ಅಂದರೆ ಮೋಡವೇ ಇಲ್ಲದಿದ್ದರೂ, ಉಳಿಕೆ 1500ರಿಂದ 3500 ವ್ಯಾಟ್ ನಡುವೆ ಇರುವಾಗಲೆಲ್ಲ ಹೀಗೆಯೇ ಆಗುತ್ತದೆ; ಬೇಸಿಗೆಯಲ್ಲಿ ಉಳಿಕೆ ಅದಕ್ಕೂ ಮೇಲಿದ್ದುದರಿಂದ ನಿಮಗೆ ತೊಂದರೆ ಗೊತ್ತಾಗಲಿಲ್ಲ.

ಆನ್‌ಗೆ ಒಂದು ಮಿತಿ, ಆಫ್‌ಗೆ ಬೇರೆಯದೇ ಮಿತಿ ಇಡಿ, ಎರಡಕ್ಕೂ ಕಾಯುವ ಅವಧಿ ಕೊಡಿ. ಹೊರಗೆ ಹೋಗುವುದು 2200 ವ್ಯಾಟ್‌ಗಿಂತ ಹೆಚ್ಚಾಗಿ 5 ನಿಮಿಷ ಸತತವಾಗಿ ಇದ್ದರೆ ಆನ್. ಗ್ರಿಡ್‌ನಿಂದ ಒಳಗೆ ಬರುವುದು 500 ವ್ಯಾಟ್‌ಗಿಂತ ಹೆಚ್ಚಾಗಿ 3 ನಿಮಿಷ ಇದ್ದರೆ ಆಫ್. ಸಣ್ಣ ಮೋಡವೊಂದು ಹಾದುಹೋದರೆ ಆ 3 ನಿಮಿಷದಲ್ಲಿ ಗ್ರಿಡ್‌ನಿಂದ ಬರುವುದು ಲೆಕ್ಕಕ್ಕೆ ಸಿಗದಷ್ಟು ಕಡಿಮೆ, ರಿಲೇಯ ಆಯುಷ್ಯವಂತೂ ಉಳಿಯುತ್ತದೆ. ಒಂದು ಎಚ್ಚರಿಕೆ: ಈ ಕಾಯುವ ಅವಧಿಯ ನಡುವೆ ಹೋಮ್ ಅಸಿಸ್ಟೆಂಟ್ ಮರುಪ್ರಾರಂಭವಾದರೆ ಅಲ್ಲಿಯವರೆಗಿನ ಎಣಿಕೆ ಅಳಿಸಿಹೋಗುತ್ತದೆ. ಆದ್ದರಿಂದ ಮರುಪ್ರಾರಂಭವಾದಾಗ ಗೀಸರ್ ಮೊದಲು ಆಫ್ ಆಗಲಿ ಎಂಬ ಪ್ರತ್ಯೇಕ ನಿಯಮ ಬರೆದಿಡಿ. ಅಳತೆಯೇ ಬಾರದೆ ನಿಂತಾಗಲೂ ಹಾಗೆಯೇ ಮಾಡಿ.

ಉತ್ತರ 2

ಮೇಲಿನ ಉತ್ತರವನ್ನು ಪೂರ್ತಿ ಒಪ್ಪುತ್ತೇನೆ, ಆದರೆ ನಿಮ್ಮ ಶ್ರಮ ಬೇರೆಡೆ ಹೆಚ್ಚು ಸಾರ್ಥಕವಾಗುತ್ತದೆ ಎಂದು ನನ್ನ ಅನಿಸಿಕೆ. 25 ಲೀಟರ್ ನೀರನ್ನು 25 ಡಿಗ್ರಿಯಿಂದ 60 ಡಿಗ್ರಿಗೆ ಕಾಯಿಸಲು ಬೇಕಾಗುವುದು ಸುಮಾರು 1 ಯೂನಿಟ್ ಮಾತ್ರ. ನೆಟ್ ಮೀಟರ್ ಇರುವಾಗ, ನೀವು ಗ್ರಿಡ್‌ಗೆ ಕೊಟ್ಟ ಯೂನಿಟ್ ತಿಂಗಳ ಬಿಲ್ಲಿನಲ್ಲಿ ನೀವು ಪಡೆದ ಯೂನಿಟ್‌ಗೆ ವಜಾ ಆಗುವುದರಿಂದ, ಆ ಒಂದು ಯೂನಿಟ್ಟನ್ನು ಬಿಸಿಲಲ್ಲೇ ಬಳಸಿದರೂ ಹಣದ ಉಳಿತಾಯ ಅಲ್ಪವೇ.

ನಿಜವಾಗಿ ಬರೆಯಬೇಕಾದ ನಿಯಮ ಕರೆಂಟ್ ಹೋದಾಗಿನದು. ಮೋಡ ಕವಿದು ಕರೆಂಟೂ ಇಲ್ಲದ ಹೊತ್ತಿನಲ್ಲಿ 2000 ವ್ಯಾಟ್ ಗೀಸರ್ ಆನ್ ಆಗಿಯೇ ಇದ್ದರೆ, ರಾತ್ರಿಯ ದೀಪ, ಫ್ಯಾನು, ಫ್ರಿಜ್‌ಗೆಂದು ಬ್ಯಾಟರಿಯಲ್ಲಿ ಇಟ್ಟುಕೊಂಡದ್ದನ್ನು ಅದೊಂದೇ ಅರ್ಧ ಗಂಟೆಯಲ್ಲಿ ಐದನೇ ಒಂದು ಭಾಗದಷ್ಟು ತಿಂದುಹಾಕುತ್ತದೆ. ಗ್ರಿಡ್ ವೋಲ್ಟೇಜ್ ಇಲ್ಲವಾದರೆ ಗೀಸರ್ ಮತ್ತು ನೀರಿನ ಪಂಪು ಕೂಡಲೇ ಆಫ್ ಆಗಲಿ. ಇದಕ್ಕೆ ಮಾತ್ರ ಕಾಯುವ ಅವಧಿ ಬೇಡ. ಉಳಿದೆಲ್ಲ ನಿಯಮಗಳಿಗಿಂತ ಇದೇ ಮೇಲಿರಲಿ.

ಎರಡನೆಯದು, ಮಂಜೂರಾದ ಲೋಡ್, ಅಂದರೆ ಮನೆ ಒಟ್ಟಿಗೆ ಎಳೆಯಬಹುದೆಂದು ವಿದ್ಯುತ್ ಕಂಪನಿ ಒಪ್ಪಿರುವ ಮಿತಿ. ನಮ್ಮ ರಾಜ್ಯದ ಬಿಲ್ಲಿನಲ್ಲಿ ನಿಗದಿತ ಶುಲ್ಕವನ್ನು ಅದರ ಕಿಲೋವ್ಯಾಟ್ ಲೆಕ್ಕದಲ್ಲೇ ಹಾಕುತ್ತಾರೆ. ಗೀಸರ್, ಇಂಡಕ್ಷನ್ ಒಲೆ, ನೀರಿನ ಪಂಪು ಮೂರೂ ಒಟ್ಟಿಗೆ ಓಡಿ ಮಿತಿ ಮೀರುವ ಮೊದಲೇ ಗೀಸರ್ ಹಿಂದೆ ಸರಿಯುವಂತೆ ಮಾಡಿ. ಕಾದ ನೀರು ಹತ್ತು ನಿಮಿಷ ತಡವಾದರೂ ನಡೆದೀತು, ಒಲೆಯ ಮೇಲಿನ ಅನ್ನ ಅರ್ಧಕ್ಕೆ ನಿಲ್ಲಬಾರದು.

ಉತ್ತರ 3

ವೈರಿಂಗ್ ಕೆಲಸ ಮಾಡುವವನಾಗಿ ಒಂದು ಮಾತು. ಗೀಸರ್ ಎಳೆಯುವುದು ಸುಮಾರು 9 ಆಂಪಿಯರ್, ಹಾಗಾಗಿ 16 ಆಂಪಿಯರ್ ಸ್ಮಾರ್ಟ್ ಪ್ಲಗ್ ಸಾಕಾಗುತ್ತದೆ. ಪಂಪಿಗೆ ಮಾತ್ರ ಅದೇ ಪ್ಲಗ್ ಹಾಕಬೇಡಿ; ಮೋಟಾರ್ ಶುರುವಾಗುವ ಕ್ಷಣದಲ್ಲಿ ಓಡುವಾಗಿನ ಐದಾರು ಪಟ್ಟು ಕರೆಂಟ್ ಎಳೆಯುವುದರಿಂದ ರಿಲೇಯೊಳಗೆ ಕೂಡಿ ಬಿಡುವ ಲೋಹದ ಬಿಂದುಗಳು ಒಂದಕ್ಕೊಂದು ಬೆಸೆದುಕೊಳ್ಳಬಹುದು, ಆಮೇಲೆ ಯಾವ ನಿಯಮಕ್ಕೂ ಅದು ಆಫ್ ಆಗುವುದಿಲ್ಲ. ಹೆಚ್ಚು ಕರೆಂಟ್ ತಾಳುವ ದೊಡ್ಡ ಸ್ವಿಚ್ ಆದ ಕಾಂಟ್ಯಾಕ್ಟರ್ ಹಾಕಿಸಿ, ಪ್ಲಗ್‌ನಿಂದ ಅದನ್ನು ಎಳೆದು ಕೂಡಿಸುವ ಕಾಯಿಲ್ ಮಾತ್ರ ನಡೆಯಲಿ. ನೀರು ಕಾದ ಮೇಲೆ ತಾನಾಗಿ ಆಫ್ ಮಾಡುವ ಗೀಸರ್‌ನ ಒಳಗಿನ ಥರ್ಮೋಸ್ಟಾಟನ್ನು ಯಾವ ಕಾರಣಕ್ಕೂ ತಪ್ಪಿಸಬೇಡಿ.

ಪ್ರಶ್ನೆ ಕೇಳಿದವರಿಂದ

ಮೂವರಿಗೂ ಧನ್ಯವಾದಗಳು. ಎರಡು ಮಿತಿಗಳನ್ನು ಇಟ್ಟ ಮೇಲೆ ಇವತ್ತು ಇಡೀ ಮಧ್ಯಾಹ್ನ ಗೀಸರ್ ಎರಡೇ ಬಾರಿ ಆನ್ ಆಯಿತು. ಕರೆಂಟ್ ಹೋದಾಗಿನ ನಿಯಮವನ್ನೂ ಬರೆದು, ಮೇನ್ ಸ್ವಿಚ್ ಇಳಿಸಿ ನೋಡಿದೆ. ಗೀಸರ್ ತಕ್ಷಣ ಆರಿತು. ಆದರೆ ದಿನವಿಡೀ ಮೋಡವಿದ್ದು ಉಳಿಕೆ 2200 ವ್ಯಾಟ್ ಮುಟ್ಟದೇ ಹೋದರೆ ಅಮ್ಮನ ಸ್ನಾನದ ನೀರಿಗೆ ಏನು ಮಾಡಲಿ?

ಉತ್ತರ 1

ಗೀಸರ್ ಆ ದಿನ ಬಳಸಿದ ಯೂನಿಟ್ಟನ್ನು ಪ್ಲಗ್ ಅಳೆಯುತ್ತದೆಯಲ್ಲವೇ? ಮೂರೂಕಾಲು ಗಂಟೆಗೆ ಅದು 0.8ಕ್ಕಿಂತ ಕಡಿಮೆಯಿದ್ದು ಕರೆಂಟ್ ಇದ್ದರೆ, ಉಳಿಕೆಯನ್ನು ನೋಡದೆ ಗ್ರಿಡ್‌ನಿಂದಲೇ ನಾಲ್ಕು ಗಂಟೆಯವರೆಗೆ ಆನ್ ಆಗಲಿ. ಆಫ್ ಮಾಡುವ 500 ವ್ಯಾಟ್ ಮಿತಿ ಆ ಮುಕ್ಕಾಲು ಗಂಟೆ ಅನ್ವಯವಾಗದಂತೆ ಷರತ್ತು ಸೇರಿಸುವುದನ್ನು ಮರೆಯಬೇಡಿ.