ಡಾಕ್ಟರನ್ನು ಕೇಳಿ: ಕುದುರೆ, ಕ್ಯಾಂಪರ್ ಎರಡನ್ನೂ ಕಟ್ಟಿಕೊಂಡು ಕ್ಯಾಪ್‌ರಾಕ್ ಕ್ಯಾನ್ಯನ್ಸ್‌ಗೆ, ಕಡಿಮೆ ಖರ್ಚಿನಲ್ಲಿ

ಪ್ರಶ್ನೆ (ಡಲ್ಲಾಸ್ ಪಕ್ಕದ ಪ್ಲೇನೋದಿಂದ):

ಡಾಕ್ಟ್ರೇ, ನಮಸ್ಕಾರ. ಮಗಳು ನಾಲ್ಕು ವರ್ಷದಿಂದ ಸವಾರಿ ಕಲಿಯುತ್ತಿದ್ದಾಳೆ. ಹೋದ ವರ್ಷ ಅವಳಿಗೆ ಸ್ವಲ್ಪ ವಯಸ್ಸಾದ ಕ್ವಾರ್ಟರ್ ಹಾರ್ಸ್ ತಳಿಯ ಒಂದು ಕುದುರೆ ಕೊಂಡೆವು. ಹೆಂಡತಿಗೆ ಸ್ಟೇಬಲಿನವರೇ ಇನ್ನೊಂದು ಕುದುರೆ ಕೊಡುತ್ತಾರೆ, ಕುದುರೆ ಸಾಗಿಸುವ ಟ್ರಕ್ಕು ಟ್ರೇಲರೂ ಅವರದೇ. ನನಗೆ ಸವಾರಿ ಬರುವುದಿಲ್ಲ. ನಾನು ಡ್ರೈವರ್ ಮತ್ತು ಅಡುಗೆಭಟ್ಟ. ಅಕ್ಟೋಬರ್ ಕೊನೆಗೆ ಮೂರು ರಾತ್ರಿ ಟೆಕ್ಸಾಸಿನ ಕ್ಯಾಪ್‌ರಾಕ್ ಕ್ಯಾನ್ಯನ್ಸ್ ಸ್ಟೇಟ್ ಪಾರ್ಕಿನಲ್ಲಿ ಇರುವ ಆಸೆ. ದಾವಣಗೆರೆಯಿಂದ ಅಮ್ಮ ಬಂದಿದ್ದಾರೆ. ಮಂಡಿ ನೋವು, ಟೆಂಟಿನಲ್ಲಿ ಮಲಗಲಾಗುವುದಿಲ್ಲ. ಅದಕ್ಕೇ ಒಳಗೇ ಮನೆಯಿರುವ ದೊಡ್ಡ ಗಾಡಿ, ಮೋಟಾರ್‌ಹೋಮ್, ಬಾಡಿಗೆಗೆ ತೆಗೆದುಕೊಂಡು ಕರೆಂಟ್ ಇರುವ ಕ್ಯಾಂಪ್ ಸೈಟ್ ಬುಕ್ ಮಾಡೋಣ ಅಂದುಕೊಂಡೆ. ಲೆಕ್ಕ ಹಾಕಿದರೆ ಬೆಂಗಳೂರಿಗೆ ಹೋಗಿಬರುವ ಟಿಕೆಟ್ಟಿನ ಹತ್ತಿರ ಬರುತ್ತಿದೆ! ಎಲ್ಲಿ ಕಡಿಮೆ ಮಾಡಬಹುದು?

ಡಾಕ್ಟರ್ (ಕುದುರೆ ವೈದ್ಯ, ಪಶ್ಚಿಮ ಟೆಕ್ಸಾಸ್):

ನಮಸ್ಕಾರ ಸರ್. ನಿಮ್ಮ ಪ್ಲಾನಿನಲ್ಲಿ ಒಂದೇ ತಪ್ಪಿದೆ, ದುಡ್ಡೆಲ್ಲ ಹೋಗುತ್ತಿರುವುದೂ ಅಲ್ಲೇ. ಕರೆಂಟು ನೀರು ಇರುವ ಸೈಟುಗಳು ಹನಿ ಫ್ಲಾಟ್ ಎಂಬ ಕ್ಯಾಂಪಿನಲ್ಲಿವೆ. ಕುದುರೆ ಕಟ್ಟುವ ಜಾಗ ವೈಲ್ಡ್ ಹಾರ್ಸ್ ಎಂಬ ಬೇರೆ ಕ್ಯಾಂಪು. ಅಲ್ಲಿ ಕರೆಂಟಿಲ್ಲ. ಅಂದರೆ ನೀವು ಎರಡು ಸೈಟಿಗೆ ದುಡ್ಡು ಕೊಡಬೇಕು. ಮೇಲಾಗಿ ರಾತ್ರಿ ಕುದುರೆ ಒಂದು ಕಡೆ, ನೀವು ಇನ್ನೊಂದು ಕಡೆ. ಹೊಸ ಜಾಗದಲ್ಲಿ ಮೊದಲ ರಾತ್ರಿ ಕುದುರೆಯನ್ನು ಹಾಗೆ ಬಿಟ್ಟಿರಬಾರದು.

ಮೋಟಾರ್‌ಹೋಮ್ ಬಿಡಿ. ಒಂದು ಸಣ್ಣ ಟ್ರಾವೆಲ್ ಟ್ರೇಲರ್ (ಎಳೆದೊಯ್ಯುವ ಕ್ಯಾಂಪರ್) ಬಾಡಿಗೆಗೆ ತೆಗೆದುಕೊಂಡು ನಿಮ್ಮ ಕಾರಿಗೆ ಕಟ್ಟಿಕೊಳ್ಳಿ. ಕಾರು ಎಷ್ಟು ಭಾರ ಎಳೆಯುತ್ತದೆ ಅಂತ ಮೊದಲು ನೋಡಿ. ನೀರಿನ ಟ್ಯಾಂಕ್ ತುಂಬಿಸಿ, ಗ್ಯಾಸ್ ತುಂಬಿಸಿ, ವೈಲ್ಡ್ ಹಾರ್ಸ್‌ನಲ್ಲೇ ನಿಲ್ಲಿಸಿ. ಅಮ್ಮನಿಗೆ ಹಾಸಿಗೆ ಇರುತ್ತದೆ, ಬಾತ್‌ರೂಮ್ ಇರುತ್ತದೆ, ಕುದುರೆ ಕಿಟಕಿಯಲ್ಲೇ ಕಾಣುತ್ತದೆ. ಒಂದು ಸೈಟಿನಲ್ಲಿ ಎರಡು ಟ್ರೇಲರ್ ಹಿಡಿಸುತ್ತದೆಯೇ ಎಂದು ಪಾರ್ಕ್ ಕಚೇರಿಗೆ ಫೋನ್ ಮಾಡಿ ಕೇಳಿ. ಅಕ್ಟೋಬರಿನ ರಾತ್ರಿ ಚಳಿ ಇರುತ್ತದೆ. ಹೀಟರ್ ಗ್ಯಾಸಿನದಾದರೂ ಅದರ ಫ್ಯಾನ್ ಬ್ಯಾಟರಿ ತಿನ್ನುತ್ತದೆ, ಅದಕ್ಕೆ ಒಂದು ಸೋಲಾರ್ ಪ್ಯಾನೆಲ್ಲೋ ಜನರೇಟರೋ ಇರಲಿ. ರಾತ್ರಿ ಹತ್ತರ ಮೇಲೆ ಜನರೇಟರ್ ಓಡಿಸಬೇಡಿ.

ಇನ್ನೊಂದು ಉಳಿತಾಯ: ಸ್ಟೇಟ್ ಪಾರ್ಕ್ ಪಾಸ್. ನಾನು ಕೊನೆಯ ಸಲ ಕೊಂಡಾಗ ವರ್ಷಕ್ಕೆ 70 ಡಾಲರ್. ಕಾರಿನಲ್ಲಿರುವವರೆಲ್ಲರ ಪ್ರವೇಶ ಶುಲ್ಕ ಅದರಲ್ಲೇ ಮುಗಿಯುತ್ತದೆ. ದಿನಕ್ಕೆ ತಲೆಗಿಷ್ಟು ಅಂತ ಕಟ್ಟುವುದು ತಪ್ಪುತ್ತದೆ.

ಎಲ್ಲಿ ಬೇಕಾದರೂ ಉಳಿಸಿ, ನೀರಿನಲ್ಲಿ ಮಾತ್ರ ಉಳಿಸಬೇಡಿ. ಒಂದು ಕುದುರೆಗೆ ದಿನಕ್ಕೆ 10 ಗ್ಯಾಲನ್ ಹಿಡಿಯಿರಿ, ಬಿಸಿಲಿದ್ದು ಬೆವರಿದರೆ ಇನ್ನೂ ಜಾಸ್ತಿ. ಎರಡು ಕುದುರೆ, ಮೂರು ದಿನ, ಅಲ್ಲಿಗೆ 60 ಗ್ಯಾಲನ್. ತೂಕವೇ 500 ಪೌಂಡ್. ಅಷ್ಟನ್ನೂ ಮನೆಯಿಂದ ಹೊರಬೇಕಿಲ್ಲ. ಕ್ಯಾಂಪಿನಲ್ಲಿ ಕುದುರೆಗೆ ನೀರು ಆ ವಾರ ಬರುತ್ತಿದೆಯೇ ಅಂತಲೂ ಅದೇ ಫೋನಿನಲ್ಲಿ ಕೇಳಿ. ಆದರೆ ಮೊದಲ ದಿನದ ನೀರು ನಿಮ್ಮ ಸ್ಟೇಬಲಿನದೇ ಇರಲಿ, ಯಾಕೆಂದರೆ ರುಚಿ ಬದಲಾದರೆ ಕೆಲವು ಕುದುರೆ ಬಾಯಿಯೇ ಹಾಕುವುದಿಲ್ಲ. ಹೊರಡುವ ಒಂದು ವಾರ ಮುಂಚೆಯಿಂದ ಮನೆಯ ನೀರಿಗೇ ಸ್ವಲ್ಪ ಆಪಲ್ ಜ್ಯೂಸ್ ಹಾಕಿ ಅಭ್ಯಾಸ ಮಾಡಿಸಿ. ಅಲ್ಲೂ ಅದೇ ಹಾಕಿದರೆ ವ್ಯತ್ಯಾಸ ಗೊತ್ತಾಗುವುದಿಲ್ಲ.

ಪ್ರಶ್ನೆ (ಪ್ಲೇನೋ):

ಕಣಿವೆಯಲ್ಲೇ ಹಳ್ಳ ಹರಿಯುತ್ತದಲ್ವಾ? ಅಲ್ಲಿ ಕುಡಿಸಿದರೆ ಆಗುವುದಿಲ್ಲವೇ?

ಡಾಕ್ಟರ್:

ಆ ನೀರು ನಂಬಬೇಡಿ. ಅಲ್ಲಿನ ಕಲ್ಲು ನಮ್ಮ ಬಾದಾಮಿಯ ಹಾಗೆ ಕೆಂಪು, ನಡುನಡುವೆ ಬಿಳಿ ಪಟ್ಟೆ. ಆ ಬಿಳಿಯದು ಜಿಪ್ಸಮ್. ಅದು ನೀರಿನಲ್ಲಿ ಕರಗುತ್ತದೆ, ಹಳ್ಳದ ನೀರು ಕಹಿ ಉಪ್ಪು. ಮಳೆ ಇಲ್ಲದಿದ್ದರೆ ನೀರೇ ಇರುವುದಿಲ್ಲ, ಅದು ಬೇರೆ ಮಾತು.

ನೀರು ಕಡಿಮೆಯಾದ ಕುದುರೆಯ ಕರುಳಿನಲ್ಲಿ ಒಣಹುಲ್ಲು ಗಟ್ಟಿಯಾಗಿ ನಿಲ್ಲುತ್ತದೆ. ನಾವು ಕೋಲಿಕ್ ಅನ್ನುವ ಹೊಟ್ಟೆನೋವು ಹೀಗೂ ಶುರುವಾಗುತ್ತದೆ. ಒಂದು ಸಲ ಇಂಥದೇ ಒಣ ಕ್ಯಾಂಪಿಗೆ ರಾತ್ರಿ ಎರಡು ಗಂಟೆಗೆ ಹೋಗಿದ್ದೆ. ಬಕೆಟ್ ತುಂಬಾ ನೀರಿತ್ತು, ಕುದುರೆ ಮುಟ್ಟಿರಲಿಲ್ಲ, ಮಾಲೀಕರು ಗಮನಿಸಿರಲಿಲ್ಲ. ಅದಕ್ಕೇ ಮಗಳಿಗೆ ಇದನ್ನು ಕಲಿಸಿ. ವಸಡನ್ನು ಬೆರಳಿನಿಂದ ಒತ್ತಿ ಬಿಟ್ಟರೆ ಎರಡು ಸೆಕೆಂಡಿನೊಳಗೆ ಮತ್ತೆ ಗುಲಾಬಿ ಬಣ್ಣ ಬರಬೇಕು. ವಸಡು ಒದ್ದೆಯಾಗಿರಬೇಕು. ಸುಮ್ನೆ ನಿಂತಿರುವಾಗ ಎದೆಬಡಿತ ನಿಮಿಷಕ್ಕೆ 28ರಿಂದ 44. ಬೆಳಗ್ಗೆ ಎದ್ದ ತಕ್ಷಣ ಲದ್ದಿ ಎಷ್ಟು ಬಿದ್ದಿದೆ ನೋಡಲಿ. ರಾತ್ರಿಯಿಡೀ ಲದ್ದಿ ಹಾಕಿಲ್ಲ, ಹುಲ್ಲು ಬಿಟ್ಟಿದೆ, ಪಕ್ಕೆ ತಿರುಗಿ ನೋಡಿಕೊಳ್ಳುತ್ತಿದೆ ಅಂದರೆ ಕಾಯಬೇಡಿ, ಫೋನ್ ಮಾಡಿ. ಹತ್ತಿರದ ಕುದುರೆ ಡಾಕ್ಟರ್ ನಂಬರ್ ಹೊರಡುವ ಮುಂಚೆಯೇ ಬರೆದಿಟ್ಟುಕೊಳ್ಳಿ. ಕಣಿವೆಯೊಳಗೆ ಸಿಗ್ನಲ್ ನೆಚ್ಚಿಕೊಂಡು ಹುಡುಕುತ್ತಾ ಕೂರಬೇಡಿ.

ಹುಲ್ಲು ಮನೆಯದೇ ಒಯ್ಯಿರಿ. ಸಾವಿರ ಪೌಂಡಿನ ಕುದುರೆಗೆ ದಿನಕ್ಕೆ 15ರಿಂದ 20 ಪೌಂಡ್. ದಾರಿಯಲ್ಲಿ ಅಗ್ಗಕ್ಕೆ ಸಿಕ್ಕಿತು ಅಂತ ಗೊತ್ತಿಲ್ಲದವರ ಆಲ್ಫಾಲ್ಫಾ ಒಣಮೇವು ಕೊಳ್ಳಬೇಡಿ. ಅದರಲ್ಲಿ ಬ್ಲಿಸ್ಟರ್ ಬೀಟಲ್ ಹುಳ ಸೇರಿರಬಹುದು. ಸತ್ತ ಹುಳವೂ ಕುದುರೆಗೆ ವಿಷ.

ಪ್ರಶ್ನೆ (ತುಲ್ಸಾದಿಂದ):

ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ಕಾಗದಪತ್ರ ಏನೇನು ಬೇಕು? ನಾವು ಒಕ್ಲಹೋಮದಿಂದ ಬರುವವರು.

ಡಾಕ್ಟರ್:

ಎಲ್ಲ ಕುದುರೆಗೂ ಕಾಗಿನ್ಸ್ ಬೇಕು. ಅದು ಕುದುರೆಗಳ ಒಂದು ಸೋಂಕುರೋಗಕ್ಕೆ ಮಾಡುವ ರಕ್ತಪರೀಕ್ಷೆ, ನೆಗೆಟಿವ್ ಬಂದಿರಬೇಕು, ಹನ್ನೆರಡು ತಿಂಗಳ ಒಳಗಿನದಾಗಿರಬೇಕು. ಟೆಕ್ಸಾಸಿನ ಸ್ಟೇಟ್ ಪಾರ್ಕುಗಳಲ್ಲಿ ಕೇಳುತ್ತಾರೆ. ರಾಜ್ಯ ದಾಟುವವರಿಗೆ ಅದರ ಜೊತೆ 30 ದಿನದೊಳಗಿನ ಆರೋಗ್ಯ ಪ್ರಮಾಣಪತ್ರವೂ ಬೇಕು. ಪ್ಲೇನೋದವರಿಗೆ ಅದು ಬೇಡ, ಆ ದುಡ್ಡು ಉಳಿಯಿತು. ಆದರೆ ನಿಮ್ಮದಲ್ಲದ ಎರಡನೇ ಕುದುರೆಯ ಕಾಗಿನ್ಸ್ ಪ್ರತಿಯನ್ನು ಸ್ಟೇಬಲಿನವರಿಂದ ಮರೆಯದೆ ಇಸಿದುಕೊಳ್ಳಿ ಸರ್. ಗೇಟಿನಲ್ಲಿ ಹೆಚ್ಚಿನವರು ಸಿಕ್ಕಿಬೀಳುವುದು ಇಲ್ಲೇ.

ಪ್ರಶ್ನೆ (ಪ್ಲೇನೋ):

ದಾರಿ ಹೇಗೆ? ಹೆಂಡತಿಗೆ ಕಡಿದಾದ ಜಾಗ ಅಂದರೆ ಭಯ. ಕಾಡೆಮ್ಮೆ ಇವೆಯಂತೆ, ಅವು ಕ್ಯಾಂಪಿಗೂ ಬರುತ್ತವೆಯೇ ಅಂತ ಅಮ್ಮ ಕೇಳುತ್ತಿದ್ದಾರೆ.

ಡಾಕ್ಟರ್:

ಡಲ್ಲಾಸಿನಿಂದ ಹೈವೇ 287ರಲ್ಲಿ ಎಸ್ಟಲೀನ್‌ವರೆಗೆ, ಅಲ್ಲಿಂದ ಹೈವೇ 86ರಲ್ಲಿ ಟರ್ಕಿ ಎಂಬ ಊರು ದಾಟಿ ಪಾರ್ಕಿನ ಹತ್ತಿರದ ಊರು ಕಿಟಿಕ್ವೇ. ಬೋರ್ಡಿನಲ್ಲಿ Quitaque ಎಂದಿರುತ್ತದೆ, ‘ಕ್ವಿಟಾಕ್’ ಅಂತ ಓದಿಕೊಂಡು ಊರು ದಾಟಿಹೋಗಬೇಡಿ! ಡೀಸೆಲ್ ಚಿಲ್ಡ್ರೆಸ್‌ನಲ್ಲೇ ತುಂಬಿಸಿ.

ಮೇಡಂಗೆ ಮೊದಲ ದಿನ ಟ್ರೈಲ್‌ವೇ ಸರಿ. 64 ಮೈಲಿಯ ಹಳೆ ರೈಲುದಾರಿ, ಹಳಿ ಕಿತ್ತು ಸಮ ಮಾಡಿದ್ದಾರೆ. ಏರಿಳಿತ ಕಡಿಮೆ. ಆದರೆ ದಾರಿಯುದ್ದಕ್ಕೂ ಸೇತುವೆಗಳಿವೆ, ಹಲಗೆಯ ಸದ್ದಿಗೆ ಕೆಲವು ಕುದುರೆ ಹಿಂದೆ ಸರಿಯುತ್ತವೆ. ಮೊದಲ ಸೇತುವೆಯಲ್ಲಿ ಇಳಿದು ಲಗಾಮು ಹಿಡಿದು ನಡೆಸಲಿ. ಪಾರ್ಕಿನೊಳಗೆ ಎಲ್ಲ ದಾರಿಗೂ ಕುದುರೆ ಬಿಡುವುದಿಲ್ಲ, ಗೇಟಿನಲ್ಲಿ ನಕ್ಷೆ ಕೇಳಿ ಗುರುತು ಹಾಕಿಸಿಕೊಳ್ಳಿ.

ಕಾಡೆಮ್ಮೆ ಅಂದರೆ ಬೈಸನ್. ಬರುತ್ತವೆ. ಬೇಲಿ ಇಲ್ಲದೆ ಪಾರ್ಕಿನಲ್ಲೆಲ್ಲ ಓಡಾಡುತ್ತವೆ, ಕ್ಯಾಂಪಿನ ನಡುವೆಯೂ. 50 ಗಜ ದೂರ ಇರಬೇಕು ಅನ್ನುವುದು ಅಲ್ಲಿನ ನಿಯಮ. ಬಾಲ ಮೇಲೆತ್ತಿತು ಅಂದರೆ ಸಿಟ್ಟಾಗಿದೆ ಎಂದು ಅರ್ಥ. ಸವಾರಿಯಲ್ಲಿ ಎದುರಾದರೆ ನಿಲ್ಲಿ, ಕುದುರೆಗೆ ನೋಡಲು ಬಿಡಿ, ಆಮೇಲೆ ದೂರದಿಂದ ಸುತ್ತಿ ಹೋಗಿ. ಓಡಿಸಬೇಡಿ. ಬೈಸನ್ ವಾಸನೆ ಕಾಣದ ಕುದುರೆ ಹೇಗೆ ಆಡುತ್ತದೋ ಹೇಳಲಾಗದು.

ಅಮ್ಮನಿಗೆ ಈ ಹಿಂಡಿನ ಕಥೆ ಹೇಳಿ, ಇಷ್ಟಪಡುತ್ತಾರೆ. ಬೇಟೆಗಾರರು ಬೈಸನ್‌ಗಳನ್ನು ಕೊಂದು ಮುಗಿಸುತ್ತಿದ್ದ ಕಾಲದಲ್ಲಿ, 1878ರಲ್ಲಿ, ಚಾರ್ಲ್ಸ್ ಗುಡ್‌ನೈಟ್ ಎಂಬ ರ‍್ಯಾಂಚಿನ ಯಜಮಾನ ಹೆಂಡತಿಯ ಒತ್ತಾಯಕ್ಕೆ ಕೆಲವು ಕರುಗಳನ್ನು ಹಿಡಿದು ಸಾಕಿದ. ಈಗ ಅಲ್ಲಿರುವುದು ಅವುಗಳ ಸಂತಾನ.

ಪ್ರಶ್ನೆ (ಪ್ಲೇನೋ):

ಕಥೆ ಹೇಳಿದೆ. ‘ಹಾಗಾದರೆ ಒಂದು ಬಾಳೆಹಣ್ಣು ಕೊಟ್ಟು ಬೆನ್ನು ಸವರಿ ಬರುತ್ತೇನೆ’ ಅನ್ನುತ್ತಿದ್ದಾರೆ.

ಡಾಕ್ಟರ್:

ಬಾಳೆಹಣ್ಣು ಕುದುರೆಗೆ ಕೊಡಲಿ. ಬೈಸನ್‌ಗೆ ಕ್ಯಾಂಪರಿನ ಕಿಟಕಿಯಿಂದಲೇ ಕೈಮುಗಿಯಲಿ ಸರ್.